ಒಳಗಿಟ್ಟ ಚುಕ್ಕಿ

ಇಂಗ್ಲಿಷ್ ಪ್ರಬಂಧ ಬರೆಯುವಾಗ ಪೂರ್ಣವಿರಾಮ ಉದ್ಧರಣ ಚಿಹ್ನೆಯ ಒಳಗೋ ಹೊರಗೋ ಎಂದು ಮೊನ್ನೆ ನೀವಿಬ್ಬರೂ ಜಗಳವಾಡಿದಿರಿ. ನಾನು ಬಾಯಿ ಹಾಕಿದ್ದಕ್ಕೆ "ಅಜ್ಜಿ, ನಿಂಗೇನ್ ಗೊತ್ತು, ಸುಮ್ನಿರು" ಎಂದು ನಕ್ಕಿರಿ. ಗೊತ್ತು ಮಕ್ಕಳೇ. ಆ ಚುಕ್ಕಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಿಮ್ಮ ತಾತ ಹೋದ ಮೇಲೆ ನಾನು ಬೆಂಗಳೂರಿನ ಕುಂದಲಹಳ್ಳಿಯ ಒಂದು ಆಫೀಸಿಗೆ ಸೇರಿದೆ. ಅಲ್ಲಿ ಹೊರದೇಶದ ಪುಸ್ತಕಗಳನ್ನು ಅಚ್ಚಿಗೆ ಸಿದ್ಧಮಾಡುತ್ತಿದ್ದರು. ಹಳ್ಳಿ ಶಾಲೆಯ ಹತ್ತನೇ ಕ್ಲಾಸಿನವಳಿಗೆ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಕಣ್ಣು ಮಾತ್ರ ಚುರುಕು. ಪ್ರೂಫ್ ಹಾಳೆಗಳಲ್ಲಿ ಕಾಮಾ, ಚುಕ್ಕಿ ಸರಿ ಇವೆಯೇ ಎಂದು ನೋಡುವುದು ನನ್ನ ಕೆಲಸ. ಮೊದಲು ಬಂದವೆಲ್ಲ ಅಮೆರಿಕದ ಪುಸ್ತಕಗಳು. ಅವುಗಳಲ್ಲಿ ಕಾಮಾ, ಚುಕ್ಕಿ ಎರಡೂ ಯಾವಾಗಲೂ ಉದ್ಧರಣ ಚಿಹ್ನೆಯ ಒಳಗೇ.

ಆಮೇಲೆ ಇಂಗ್ಲೆಂಡಿನದೊಂದು ಬಂತು. ಅದರಲ್ಲಿ ಕೆಲವು ಚುಕ್ಕಿ ಒಳಗೆ, ಬಹಳಷ್ಟು ಹೊರಗೆ. ಎರಡು ದಿನ ಕಣ್ಣಿಟ್ಟು ನೋಡಿದ ಮೇಲೆ ತಿಳಿಯಿತು. ಇಡೀ ವಾಕ್ಯ ಒಬ್ಬರು ಆಡಿದ್ದಾದರೆ ಚುಕ್ಕಿ ಒಳಗೆ. ಒಂದೆರಡು ಪದ ಮಾತ್ರ ಅವರದಾದರೆ ಹೊರಗೆ. ನಮ್ಮ ಶಾಲೆಯ ಮೇಷ್ಟ್ರು ಕಲಿಸಿದ್ದೂ ಅದನ್ನೇ. ಆ ಚಿಹ್ನೆಯೊಳಗೆ ಆಡಿದವರ ಮಾತು ಮಾತ್ರ ಇರಬೇಕು, ನಿಮ್ಮದು ಒಂದು ಚುಕ್ಕಿಯೂ ಸೇರಬಾರದು ಎನ್ನುತ್ತಿದ್ದರು.

ಟೀಮ್ ಲೀಡರ್ ಹತ್ತಿರ ಹೋಗಿ, ಹಾಳೆ ಹಿಡಿದು, ಅವರು ತಲೆ ಎತ್ತುವವರೆಗೂ ನಿಂತೆ.

"ಸಾರ್, ಈ ಪುಸ್ತಕದಲ್ಲಿ ಹೊರಗಿರೋ ಚುಕ್ಕಿ ಹೊರಗೇ ಇರ್ಬೇಕು ಅನ್ಸುತ್ತೆ."

"ಅನ್ಸೋದೆಲ್ಲ ಬೇಡ ಅಕ್ಕ. ಎಲ್ಲಾ ಒಳಗೆ ಹಾಕಿ."

"ಅವ್ರು ಬೇಕಂತ್ಲೇ ಇಟ್ಟಿರೋ ಹಂಗಿದೆ..."

"ಯಾಕೆ, ಲಂಡನ್ನಿಂದ ನಿಮ್ಗೇನಾದ್ರೂ ಫೋನ್ ಬಂತಾ?"

ಸುತ್ತ ಕೂತವರೆಲ್ಲ ನಕ್ಕರು. ನಾನು ಹೋಗಿ ಇಡೀ ಪುಸ್ತಕದ ಚುಕ್ಕಿಗಳನ್ನು ಕೆಂಪು ಪೆನ್ನಿನಲ್ಲಿ ಒಳಗೆ ತಳ್ಳಿದೆ. ತಪ್ಪೆಂದು ಗೊತ್ತಿದ್ದೂ ತಳ್ಳಿದೆ. ನನ್ನ ಮೇಲೆ ನನಗಿರುವ ಸಿಟ್ಟು ಅದಕ್ಕೆ.

ಪುಸ್ತಕ ವಾಪಸ್ ಬಂತು, ಜೊತೆಗೆ ಪ್ರಕಾಶಕರ ಬೈಗುಳವೂ. ಮ್ಯಾನೇಜರ್ ಮೇಡಂ ನಮ್ಮಿಬ್ಬರನ್ನೂ ಕರೆಸಿದರು.

"ಹಳ್ಳಿ ಶಾಲೇಲಿ ಓದಿದೋರು ಮೇಡಂ, ಏನ್ ಮಾಡೋದು" ಎಂದರು ಲೀಡರ್. "ತಮ್ಮಿಷ್ಟಕ್ಕೆ ಬದಲಾಯಿಸ್ಬಿಟ್ಟಿದಾರೆ."

ತಪ್ಪು ನನ್ನದೇ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದರು ಮೇಡಂ. "ಕನ್ನಡದಲ್ಲೇ ಬರೀರಿ ಅಕ್ಕ, ಪರವಾಗಿಲ್ಲ" ಎಂದು ಲೀಡರ್ ಉಪಕಾರ ಮಾಡುವವರಂತೆ ಹಾಳೆ ಸರಿಸಿದರು.

ಬರೆದೆ. ಒಂದೇ ಸಾಲು.

ನಾನು ಕೇಳಿದಾಗ ಸಾರ್ ಹೇಳಿದ್ದು: "ಎಲ್ಲಾ ಒಳಗೆ ಹಾಕಿ."

ಕೆಳಗೆ ರುಜು ಹಾಕಿ ಮೇಡಂ ಕೈಗೇ ಕೊಟ್ಟೆ. ಲೀಡರ್ ಬಗ್ಗಿ ಓದಿ, "ಇದೇನಕ್ಕ ಇದು?" ಎಂದರು. ನಾನು ಊಟದ ಡಬ್ಬಿ ತೆಗೆದುಕೊಂಡು ಹೊರಟೆ. ಅವರು ತಿರುಗಿ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಆ ಸಾಲಿನಲ್ಲಿ ಚುಕ್ಕಿಯನ್ನು ಒಳಗೇ ಇಟ್ಟಿದ್ದೆ. ಅದು ಅವರದು.