ಸಹಿಗೆ ಮೊದಲು ಓದಿ ಹೇಳಿದವರು

ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ನನ್ನ ಜೊತೆಗಾರನೊಬ್ಬ ಎತ್ತರದಿಂದ ಬಿದ್ದು ಸೊಂಟ ಮುರಿದುಕೊಂಡ. ಮರುದಿನ ನಮ್ಮ ಊರಿನ ಕಡೆಯವನೇ ಆದ ಸೂಪರ್‌ವೈಸರ್ ನನಗೊಂದು ಅರಬಿ ಕಾಗದ ಕೊಟ್ಟ.

"ಇನ್ಶೂರೆನ್ಸಿಗೆ ಮಾರಾಯ. ಒಂದು ಸೈನ್ ಹಾಕು, ಖಲಾಸ್."

ಓದಲು ಬಾರದ ಕಾಗದಗಳಿಗೆ ಸಹಿ ಹಾಕುತ್ತಲೇ ನಾನು ಅಲ್ಲಿ ಎಂಟು ವರ್ಷ ಕಳೆದಿದ್ದೆ. ಇದೊಂದನ್ನು ಮಾತ್ರ ಏಕೋ ಟೈಪಿಂಗ್ ಸೆಂಟರಿನ ಅರಬಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ತಮ್ಮ ದೇಶದಲ್ಲಿ ಪ್ರೊಫೆಸರ್ ಆಗಿದ್ದ ಅವರು ಅಬುಧಾಬಿಯಲ್ಲಿ ವೀಸಾ ಅರ್ಜಿ ಟೈಪ್ ಮಾಡುತ್ತಿದ್ದರು. ಪ್ರತಿ ಸಾಲಿನ ಅರ್ಥ ಹೇಳದೆ ಯಾರಿಂದಲೂ ಸಹಿ ಹಾಕಿಸುತ್ತಿರಲಿಲ್ಲ. ಆ ನಿಧಾನಕ್ಕೆ ನಾನೇ ಎಷ್ಟೋ ಸಲ ರೇಗಿದ್ದೆ.

"ಬಿದ್ದವನು ತಾನೇ ಸೇಫ್ಟಿ ಬೆಲ್ಟ್ ಬಿಚ್ಚಿದ್ದನ್ನು ನೀನು ಕಂಡೆ ಎಂದು ಇದರಲ್ಲಿದೆ. ಕಂಡೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅವನಿಗೆ ಬೆಲ್ಟೇ ಕೊಟ್ಟಿರಲಿಲ್ಲ" ಎಂದೆ.

ಅವರು ಕಾಗದ ಮಡಚಿ ನನ್ನ ಕೈಗಿಟ್ಟರು.

"ನನ್ನ ವಿದ್ಯಾರ್ಥಿಯೊಬ್ಬ ದೇಶದ್ರೋಹಿ ಎಂದು ಬರೆದು ಸರ್ಕಾರ ನನ್ನ ಸಹಿ ಕೇಳಿತ್ತು. ಹಾಕಲಿಲ್ಲ. ಕೆಲಸ ಹೋಯಿತು, ದೇಶವೂ ಹೋಯಿತು. ಅದು ನನ್ನದೇ ಭಾಷೆಯಲ್ಲಿತ್ತು. ಅರ್ಥವಾಗಲಿಲ್ಲ ಎನ್ನುವ ಹಾಗಿರಲಿಲ್ಲ."

ಈಗ ನಾನೂ ಹಾಗೆನ್ನುವಂತಿರಲಿಲ್ಲ. ಸಹಿ ಹಾಕದೆ ಹಿಂದಿರುಗಿಸಿದೆ. ಸೂಪರ್‌ವೈಸರ್ ಮಾತು ಬಿಟ್ಟ. ಬಿದ್ದವನ ಮುಖವನ್ನು ಮಾತ್ರ ಇವತ್ತಿಗೂ ನೇರವಾಗಿ ನೋಡಬಲ್ಲೆ. ಆ ಉಪಕಾರ ಆ ಹಿರಿಯರದ್ದು.