ಅವನ ಮೊದಲ ಆಲ್ಬಮ್ಮಿನಿಂದ ನಾನು ತೆಗೆದದ್ದು

ನಾನು ನಿಂತಿದ್ದದ್ದು ಹರಪನಹಳ್ಳಿ ಬಸ್ ನಿಲ್ದಾಣದ ಎದುರು, ನನ್ನ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಯ ಒಳಗೆ, ಕೌಂಟರಿನ ಹಿಂದೆ, ಆಂಪ್ಲಿಫೈಯರಿಗೆ ಒಂದು ಕೈ ದೂರದಲ್ಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಶೇಂಗಾ ಕಿತ್ತು ಮುಗಿದಿದ್ದ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಮೂರರ ಮೇಲೆ ಸ್ವಲ್ಪ ಆಗಿದ್ದರೂ ಆಗಿರಬಹುದು, ಮೂರಕ್ಕೆ ಬರುವ ಕರೆಂಟು ಬಂದಿತ್ತು.

ನನ್ನ ಗೆಳೆಯ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಅವನ ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಂಡೇ ವಯಸ್ಸು ಕಳೆದವರು. ಆ ಸದ್ದಿನಲ್ಲಿ ಎರಡೂ ಕಿವಿ ಹೋಗಿದ್ದವು. ಮಿಲ್ಲು ಮುಚ್ಚುತ್ತದೆ ಎಂದು ತಿಳಿದಾಗ ಗೆಳೆಯ ಟೇಪ್‌ರೆಕಾರ್ಡರ್ ಹಿಡಿದು ಅಲ್ಲಿಗೆ ಹೋಗತೊಡಗಿದ. ಹಿಡಿದು ತಂದ ಸದ್ದನ್ನು ನಿಧಾನ ಮಾಡಲು ಟೇಪಿನ ಮೋಟರನ್ನೇ ಬಿಚ್ಚಿದ. ಒಂದರ ಮೇಲೊಂದು ಕೂರಿಸಿ, ಎರಡು ವರ್ಷದಲ್ಲಿ ಒಂದು ಕ್ಯಾಸೆಟ್ ಮಾಡಿದ. ಹಾಡಿಲ್ಲ, ತಾಳವಿಲ್ಲ. ಎ ಸೈಡಿನಲ್ಲಿ ತಗಡು ಎಳೆಯುವ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು. ಬಿ ಸೈಡಿನಲ್ಲಿ ಬರೀ ಒಂದು ತಗ್ಗಿನ ಗುಂಯ್, ಕತ್ತಲೆಯ ಬಾವಿಯಲ್ಲಿ ಇಳಿಯುತ್ತಲೇ ಇರುವ ಹಾಗೆ. ಅದನ್ನು "ನನ್ನ ಮೊದಲನೇ ಆಲ್ಬಮ್" ಎನ್ನುತ್ತಿದ್ದ. ಹಾಗೆ ಹೇಳುವಾಗ ನಗುತ್ತಿರಲಿಲ್ಲ.

ಪಕ್ಕದ ಅಂಗಡಿಯ ಟೇಲರ್ ನಗುತ್ತಿದ್ದ.

"ನಿನ್ ಆಲ್ಬಮ್ಮಿನಾಗ ಹೀರೋಯಿನ್ ಯಾರಲೇ?"

"ಎಣ್ಣಿ ತೆಗಿಯೋ ಮಷೀನು."

"ಭಾಳ ದಪ್ಪ ಆತಲ್ಲಲೇ."

"ನಿನ್ ಹೊಲಿಗಿ ಮಷೀನ್ ಕೊಡು, ತಂಗಿ ಪಾರ್ಟು ಮಾಡಸ್ತೀನಿ."

ಹಿಂದಿನ ದಿನ ಅವನು ಆ ಕ್ಯಾಸೆಟ್ಟನ್ನೂ ಒಂದು ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು, "ಇರೋದು ಇದೊಂದ ಐತಿ. ಇದ್ದಂಗ ಕಾಪಿ ತೆಗಿ. ನಾಳೆ ಅಪ್ಪನ್ನ ಕರಕೊಂಡು ಬರ್ತೀನಿ" ಅಂದಿದ್ದ.

ನಮ್ಮ ಕೆಲಸದಲ್ಲಿ ಗುಂಯ್ ಎಂದರೆ ದೋಷ. ಅರ್ಥಿಂಗ್ ಸರಿಯಿಲ್ಲದಿದ್ದರೆ ಬರುತ್ತದೆ. ಭಜನೆಯ ಕ್ಯಾಸೆಟ್ಟುಗಳಲ್ಲಿ ಅದನ್ನು ತೆಗೆದುಕೊಡುತ್ತೇನೆ ಎಂದೇ ಜನ ನಮ್ಮ ತಾಲ್ಲೂಕಿನ ತೆಲಿಗಿ, ಅರಸೀಕೆರೆಯಿಂದಲೂ ನನ್ನಲ್ಲಿಗೆ ಬರುತ್ತಿದ್ದರು. "ಇದ್ದಂಗ" ಎಂದು ಅವನು ಅಂದದ್ದು ನನಗೆ ಕೇಳಿಸಿತ್ತು. ಆದರೂ ಈಕ್ವಲೈಸರಿನ ಎಡಗಡೆಯ, ತಗ್ಗಿನ ಸದ್ದಿನ ಮೂರು ಗುಂಡಿಗಳನ್ನು ಪೂರ್ತಿ ಕೆಳಗಿಳಿಸಿದೆ. ಗೆಳೆಯನ ಮೊದಲ ಆಲ್ಬಮ್, ಚೊಕ್ಕ ಇರಲಿ ಅಂತ. ಬಿ ಸೈಡಿನಲ್ಲಿ ಸಣ್ಣದೊಂದು ಸುಯ್ ಮಾತ್ರ ಉಳಿಯಿತು. ಅಲ್ಲಿ ಮೊದಲೂ ಏನೂ ಇರಲಿಲ್ಲ ಎಂದುಕೊಂಡೆ. ಎರಡೂ ಒಂದೇ ತರ ಇರಲಿ ಎಂದು ಆ ಪ್ರತಿಯನ್ನೇ ಮತ್ತೆ ಅವನ ಮೂಲ ಕ್ಯಾಸೆಟ್ಟಿನ ಮೇಲೂ ತುಂಬಿದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಮರುದಿನ ತಂದೆ ಮಗ ಬಂದರು. ಗೆಳೆಯ ಸ್ಟೂಲನ್ನು ದೊಡ್ಡ ಸ್ಪೀಕರ್ ಪೆಟ್ಟಿಗೆಯ ಪಕ್ಕಕ್ಕೆ ಎಳೆದು ಅಪ್ಪನನ್ನು ಕೂರಿಸಿದ. ಅವರ ಬಲ ಅಂಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟ.

"ಕಿವಿಗೆ ಆಗಂಗಿಲ್ಲ, ಕೈಗೆ ಗೊತ್ತಾಗತೈತಿ. ಮನಿ ಟೇಪಿನಾಗ ಆ ಕೆಳಗಿನ ಸದ್ದು ಏಳಂಗಿಲ್ಲ. ಬಿ ಸೈಡ್ ಹಾಕು."

ಎರಡು ವರ್ಷ ಅವನು ಯಾರಿಗಾಗಿ ಕೂತು ಮಾಡಿದ್ದ ಎಂದು ನನಗೆ ತಿಳಿದದ್ದು ಆಗ.

ಹಾಕಿದೆ. ಬಾಸ್ ಏರಿಸಿದೆ, ವಾಲ್ಯೂಮ್ ಏರಿಸಿದೆ. ಪೆಟ್ಟಿಗೆ ಅಲುಗಲಿಲ್ಲ. ಅಪ್ಪ ಅಂಗೈಯನ್ನು ಸ್ವಲ್ಪ ಎಡಕ್ಕೆ ಸರಿಸಿದರು, ಮತ್ತೆ ಬಲಕ್ಕೆ. ಆಮೇಲೆ ಎರಡೂ ಕೈ ಇಟ್ಟರು.

"ಮಿಲ್ಲು ನಿಂತೈತೇನಪಾ?" ಅಂದರು, ಕಿವಿ ಕೇಳದವರ ಜೋರು ದನಿಯಲ್ಲಿ.

ಗೆಳೆಯ ನನ್ನ ಕಡೆ ತಿರುಗಿದ. "ಕೆಳಗಿನ ಸದ್ದು ಎಲ್ಲೈತಿ?"

"ತಗದೀನಿ."

ಅವನು ಮೂಲ ಕ್ಯಾಸೆಟ್ ತೋರಿಸಿದ. "ಇದರಾಗ?"

"ಅದರಾಗೂ."

ಮಿಲ್ಲಿನ ಯಂತ್ರಗಳು ಆಗಲೇ ಗುಜರಿಗೆ ಹೋಗಿದ್ದವು. ಮತ್ತೆ ಹಿಡಿದು ತರಲು ಊರಿನಲ್ಲಿ ಆ ಸದ್ದು ಇರಲಿಲ್ಲ.

ಅವನು ಬಯ್ಯಲಿಲ್ಲ. ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ಮುಖ ಕಾಣುವಂತೆ, ಹೌದೆಂದು ತಲೆಯಾಡಿಸಿದ. ಅಪ್ಪ ಪೆಟ್ಟಿಗೆಯಿಂದ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡರು, ಪಾಳಿ ಮುಗಿದಾಗ ಒರೆಸಿಕೊಳ್ಳುವಂತೆ.

ಅವನು ಎರಡನೇ ಆಲ್ಬಮ್ ಮಾಡಲಿಲ್ಲ. ಮರುವರ್ಷ ಅಪ್ಪ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಅವನೂ ಹೋದ. ನನ್ನ ಜೊತೆ ಕೊನೆಯವರೆಗೂ ಮಾತಾಡುತ್ತಿದ್ದ, ಸಂಗೀತದ ವಿಷಯ ಒಂದು ಬಿಟ್ಟು.

ಅಂದು ಟೇಲರ್ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ, ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು. ಎಲ್ಲವನ್ನೂ ನೋಡಿದ. ಈಗ ಹಲವಾಗಲಿನಲ್ಲಿ ಮಗಳ ಮನೆಯಲ್ಲಿ ಇದ್ದಾನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವನು ಅವನೊಬ್ಬನೇ.