ದೀಪಾಳ ನಾಲ್ಕನೆಯ ಬಸಿರು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ದೀಪಾ ಕಂಡಕ್ಟರ್. ತವರು ಗುರುಗುಂಟಾ. ಆ ಮನೆತನದಲ್ಲಿ ಸರ್ಕಾರಿ ಸಂಬಳ ತಂದ ಮೊದಲ ಹೆಣ್ಣು. ಎಂಥ ಗದ್ದಲದಲ್ಲೂ ಅವಳ ದನಿ ಹಿಂದಿನ ಸೀಟಿಗೆ ಮುಟ್ಟುತ್ತಿತ್ತು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೂ ಕೆಲಸ ಬಿಡಲಿಲ್ಲ. ಲೈನ್‌ಮನ್ ಆಗಿದ್ದ ಗಂಡ ಸುನೀಲ ಬಿಡು ಅನ್ನಲೂ ಇಲ್ಲ.

ಮೊದಲ ಬಸಿರು ಮೂರನೇ ತಿಂಗಳಿಗೆ ಹೋದಾಗ ಅತ್ತೆ ಯಮನಮ್ಮ ತಪ್ಪನ್ನು ರಸ್ತೆಯ ಮೇಲೆ ಹಾಕಿದಳು. “ಆ ಬಸ್ಸಿನ ಕುಲುಕಾಟಕ್ಕ ಹೋಗೈತಿ. ಮುಂದಿನ ಸಲ ಮನ್ಯಾಗ ಕುಂದರು.”

ಎರಡನೆಯದಕ್ಕೆ ದೀಪಾ ರಜೆ ಹಾಕಿ ಕುಳಿತಳು. ಕೊಡ ಎತ್ತಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ಅದೂ ಮೂರನೇ ತಿಂಗಳಿಗೇ ಹೋಯಿತು.

ಈಗ ದೂರಲು ರಸ್ತೆ ಇರಲಿಲ್ಲ. ಯಮನಮ್ಮನ ಮಾತು ಕಡಿಮೆಯಾಯಿತು. ಓಣಿಯ ಬಸುರಿಯರು ಮನೆಗೆ ಬಂದರೆ ಸೊಸೆಯನ್ನು ಏನಾದರೂ ನೆಪ ಹೇಳಿ ಒಳಗೆ ಕಳಿಸುತ್ತಿದ್ದಳು. ದೀಪಾ ಹೊರಗೆ ಬರುವಷ್ಟರಲ್ಲಿ ಬಂದವರು ಎದ್ದು ಹೋಗಿರುತ್ತಿದ್ದರು.

ಮೂರನೆಯದೂ ನಿಲ್ಲಲಿಲ್ಲ. ಮೂರೂ ಸಲ ಬಸಿರು ಹೋದದ್ದು ಒಂದೇ ರೀತಿಯಲ್ಲಿ. ಹೊಟ್ಟೆ ತೊಳಸುವುದು ಒಂದು ಬೆಳಿಗ್ಗೆ ತಟ್ಟನೆ ನಿಲ್ಲುತ್ತಿತ್ತು. ಒಗ್ಗರಣೆಯ ವಾಸನೆಗೆ ಮುಖ ತಿರುಗಿಸುತ್ತಿದ್ದವಳಿಗೆ ಹಸಿವಾಗುತ್ತಿತ್ತು. ಮೈ ಹಗುರ ಅನ್ನಿಸುತ್ತಿತ್ತು. ಒಳಗಿನ ಜೀವದ ಮಿಡಿತ ಆಗಲೇ ನಿಂತಿದೆ ಎಂಬುದು ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತಿತ್ತು.

ಡಾಕ್ಟರ್ ಗಂಗಾದೇವಿ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ದೂರದ ಊರಿಗೆ ಪರೀಕ್ಷೆಗೆ ಕಳಿಸಿದ್ದರು. ಉತ್ತರ ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

“ಥೈರಾಯ್ಡ್, ಗರ್ಭಕೋಶ ಎಲ್ಲಾ ಸರಿ ಅದಾವ. ನೋಡವ್ವ, ಮೈಯಾಗ ಕಾವಲು ಕಾಯೋ ಪಡೆ ಇರತೈತಿ, ರೋಗ ಬಂದ್ರ ಹೊಡಿಯಾಕ. ಕೂಸು ಅರ್ಧ ಅಪ್ಪಂದು, ಅಂದ್ರ ನಿನ್ನ ಮೈಗೆ ಅದು ಹೊರಗಿಂದು. ಆದ್ರೂ ಬಸುರ್ಯಾದಾಗ ಆ ಪಡೆ ಅದನ್ನ ಕಾಪಾಡಬೇಕು. ಆ ಪಡೆನ್ನ ನಡಸೋ ಜೀನ್‌ನ್ಯಾಗ ನಿನಗ ಸ್ವಲ್ಪ ಫರಕ್ ಐತಿ. ಇಂಥವರಿಗೆ ಬಸಿರು ಹೋಗೋದು ಒಂದಿಷ್ಟು ಜಾಸ್ತಿ ಕಾಣ್ತೈತಿ. ಇದರಿಂದಾನ ಹೋಗೈತಿ ಅಂತ ಖಾತ್ರಿ ಹೇಳಾಕ ಬರಂಗಿಲ್ಲ.”

“ಔಷಧ ಐತೇನ್ರಿ?” ಸುನೀಲ ಕೇಳಿದ.

“ಖಾತ್ರಿ ಔಷಧ ಅಂತ ಇಲ್ಲ. ಆದ್ರ ಫರಕ್ ಇದ್ದೂ ಹಡದೋರು ಬಾಳ ಮಂದಿ ಅದಾರ.”

ಕೊನೆಯ ಮಾತು ದೀಪಾಳ ಕಿವಿಗೆ ಬೀಳಲಿಲ್ಲ. ತನ್ನ ಮೈಯೇ, ತನಗೆ ಹೇಳದೆ, ಒಳಗೆ ಏನೋ ಮಾಡುತ್ತಿದೆ. ಅಂದಿನಿಂದ ಕನ್ನಡಿಯ ಮುಂದೆ ನಿಂತರೆ ಎದುರಿಗಿದ್ದವಳನ್ನು ನಂಬಲಾಗಲಿಲ್ಲ.

ತವರಿಗೆ ಹೋಗಿ ತಾಯಿ ಪಂಪಾವತಿಗೆ ಹೇಳಿದಳು. ಪಂಪಾವತಿ ಹಸನು ಮಾಡುತ್ತಿದ್ದ ಜೋಳದಿಂದ ತಲೆ ಎತ್ತಲಿಲ್ಲ.

“ನಿನಕಿಂತ ಮೊದಲ ನನಗೂ ಹೋಗ್ಯಾವ. ನಮ್ಮವ್ವಗೂ.”

“ಎಷ್ಟು ಬೇ?”

“ಅವನ್ನ ಎಣಸಬಾರದು.”

ನಾಲ್ಕನೆಯ ಸಲ ಬಸುರಾದಾಗ ದೀಪಾ ರಜೆ ಹಾಕಲಿಲ್ಲ. ಮಂಚದ ಮೇಲೆ ಮಲಗಿ ಕಾಯುವುದು ಅವಳಿಗೆ ಇನ್ನು ಸಾಧ್ಯವಿರಲಿಲ್ಲ. ಡೀಸೆಲ್ ವಾಸನೆಗೆ ದಿನಾ ಕಿಟಕಿಯಾಚೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮಾಡಿಕೊಂಡಾಗಲೆಲ್ಲ ಮನಸ್ಸಿಗೆ ನೆಮ್ಮದಿ.

ಮೂರನೇ ತಿಂಗಳ ಒಂದು ಬೆಳಿಗ್ಗೆ, ಮಸ್ಕಿ ಹತ್ತಿರ ಬಂದಾಗ, ಡೀಸೆಲ್ ವಾಸನೆಗೆ ವಾಕರಿಕೆ ಬರುತ್ತಿಲ್ಲ ಎಂದು ಅವಳಿಗೆ ಅರಿವಾಯಿತು. ಟಿಕೆಟ್ ಕೊಡುತ್ತಿದ್ದ ಕೈ ನಿಂತಿತು.

“ಅಣ್ಣಾ, ಗಾಡಿ ನಿಲ್ಲಸು.”

ಡ್ರೈವರ್ ಹುಸೇನಬಾಷಾ ಬದಿಗೆ ತಂದು ನಿಲ್ಲಿಸಿದ. ದೀಪಾ ಇಳಿದು ಬಸ್ಸಿನ ಹಿಂದೆ ಹೋದಳು. ಹೊಗೆ ಕೊಳವೆಯ ಹತ್ತಿರ ಬಗ್ಗಿ ಉಸಿರೆಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಕಣ್ಣು ಉರಿದವು. ಹೊಟ್ಟೆ ಸುಮ್ಮನಿತ್ತು.

“ಏನಾತವ್ವ?” ಹುಸೇನಬಾಷಾ ಓಡಿ ಬಂದ.

“ಹೋತಣ್ಣ. ಇದೂ ಹೋತು.”

ಅವನು ಡಿಪೋಗೆ ಫೋನ್ ಮಾಡಿ ತಿಳಿಸಿ, ಎದುರಿಗೆ ಬಂದ ಸಿಂಧನೂರು ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿಸಿದ. ಆಸ್ಪತ್ರೆಯಲ್ಲಿ ಗಂಗಾದೇವಿ ಅವಳ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ತೆರೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಹಿಂದಿನ ಮೂರೂ ಸಲ ಹೀಗೇ ತಿರುಗಿಸಿಕೊಂಡಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿದಳು.

“ಈ ಕಡೆ ನೋಡು,” ಎಂದರು ಡಾಕ್ಟರ್. ಬೂದು ತೆರೆಯ ಮೇಲೆ ಸಾಸಿವೆಯಷ್ಟು ಜಾಗ ಪಟಪಟ ಬಡಿಯುತ್ತಿತ್ತು. “ಈ ತಿಂಗಳಿಗೆ ವಾಕರಿಕೆ ತಾನಾ ಕಡಿಮಿ ಆಗೋದೂ ಐತಿ.”

ಆದರೂ ದೀಪಾ ನಂಬಲಿಲ್ಲ. ಮಗು ಒದ್ದರೆ ಇದೇ ಕೊನೆಯ ಒದೆ ಎನ್ನಿಸುತ್ತಿತ್ತು. ಒದೆಯದಿದ್ದರೆ ಉಸಿರು ಹಿಡಿದು ಕೂರುತ್ತಿದ್ದಳು. ಸೀರೆ, ಬಳೆ, ತೊಟ್ಟಿಲು ಯಾವುದನ್ನೂ ಮನೆಗೆ ತರಗೊಡಲಿಲ್ಲ. ತಿಂಗಳು ತುಂಬುವ ಮೊದಲೇ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮುಖದ ಹೆಣ್ಣು ಮಗು ಹುಟ್ಟಿತು. ಅತ್ತಿತು. ಉಳಿಯಿತು.

ಮನೆಗೆ ಹೊರಡುವ ದಿನ ದೀಪಾ ಕೇಳಿದಳು: “ಇದಕ್ಕೂ ಆ ಫರಕ್ ಬಂದಿರತೈತೇನ್ರಿ?”

“ಬಂದಿರಬಹುದು. ಬರದೇನೂ ಇರಬಹುದು,” ಎಂದರು ಗಂಗಾದೇವಿ.

ಪಕ್ಕದಲ್ಲಿದ್ದ ಪಂಪಾವತಿ ಮಗಳ ಕೈ ಹಿಡಿದೆಳೆದಳು. “ಇದನ್ನ ಯಾರ ಮುಂದನೂ ಆಡಬ್ಯಾಡ. ನಾಳೆ ಈ ಹುಡುಗಿನ್ನ ಯಾರ್ ತಗೊಂತಾರ?”

“ಮಂದಿಗೆ ಹೇಳಂಗಿಲ್ಲ ಬೇ. ದೊಡ್ಡಾಕಿ ಆದಮ್ಯಾಲ ಇಕಿಗೆ ಹೇಳ್ತೀನಿ. ನೀ ನನಗ ಹೇಳಿದ್ದಿಲ್ಲ.”

ಪಂಪಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಗು ಈಗ ಗೋಡೆ ಹಿಡಿದು ನಡೆಯುತ್ತದೆ. ದೀಪಾ ಮತ್ತೆ ಡ್ಯೂಟಿಗೆ ಹೋಗುತ್ತಾಳೆ. ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತ ಯಮನಮ್ಮ ಮೊನ್ನೆ ಮೆಲ್ಲಗೆ ಅಂದಳು: “ಇಕಿಗೊಬ್ಬ ತಮ್ಮ ಬೇಕಲ್ಲ.”

ಸುನೀಲ ಎದ್ದು ಅಂಗಳಕ್ಕೆ ಹೋದ. ಮಗು ನಗುತ್ತಿತ್ತು. ದೀಪಾ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.